ಹೆಸರು ಕೇಳುವ ಪೆಟ್ಟಿಗೆ

ವಿಶಾಖಪಟ್ಟಣದ ಮಧುರವಾಡ ಬಡಾವಣೆಯ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಸ್ವಿಚ್ಚುಗಳಿರಲಿಲ್ಲ. ಇರಬೇಕಾದ ಜಾಗದಲ್ಲಿ ನನ್ನ ಯಜಮಾನರು ಬಿಳಿ ಪ್ಲಾಸ್ಟಿಕ್ ಹಲಗೆ ಕೂಡಿಸಿ, ನಾಲ್ಕು ಮೂಲೆಗೂ ಸ್ಕ್ರೂ ಬಿಗಿದಿದ್ದರು. ದೀಪ, ಫ್ಯಾನು, ಕಿಟಕಿಯ ಪರದೆ, ದೊಡ್ಡ ಟಿವಿ, ಅದರ ಸುತ್ತ ಕಾವಲು ನಿಂತಂತಿದ್ದ ಐದು ಸ್ಪೀಕರು ಎಲ್ಲವೂ ಒಂದು ಕಪ್ಪು ಪೆಟ್ಟಿಗೆಯ ಮಾತು ಕೇಳುತ್ತಿದ್ದವು. ಪೆಟ್ಟಿಗೆ ಅವರ ಮಾತು ಕೇಳುತ್ತಿತ್ತು. ಅವರು ತೀರಿಕೊಂಡ ಮೇಲೆ ಅದು ಯಾರ ಮಾತನ್ನೂ ಕೇಳಲಿಲ್ಲ.

ನಾವು ಗದಗಿನ ಕಡೆಯವರು. ಬ್ಯಾಂಕಿನ ಕೆಲಸ ಅವರನ್ನು ವಿಜಯವಾಡಕ್ಕೆ ಕರೆತಂದಿತು. ಹನ್ನೊಂದು ವರ್ಷ ಅಲ್ಲಿದ್ದು, ಕೊನೆಯ ವರ್ಗಾವಣೆಯಲ್ಲಿ ವಿಶಾಖಪಟ್ಟಣಕ್ಕೆ ಬಂದು ಇಲ್ಲೇ ನಿಂತೆವು. ಸಮುದ್ರದ ಆಸೆಗೆ ನಿಂತೆವು ಎಂದು ಎಲ್ಲರಿಗೂ ಹೇಳುತ್ತಿದ್ದರು. ಮನೆಗೆ ಬಂದವರಿಗೆ ಮಾತ್ರ ಸಮುದ್ರದ ಸಿನಿಮಾ ಹಾಕಿ, ಹಿಂದಿನ ಸ್ಪೀಕರಿನಲ್ಲಿ ಅಲೆಯ ಸದ್ದು ಕೇಳಿಸುತ್ತಿದ್ದರು. ನಿಜವಾದ ಸಮುದ್ರ ಹತ್ತು ನಿಮಿಷದ ದಾರಿ.

ಪೆಟ್ಟಿಗೆ ಕೊಂಡದ್ದು ವಿಜಯವಾಡದ ಅಂಗಡಿಯಲ್ಲಿ. ನಾನೂ ಜೊತೆಗಿದ್ದೆ. ಅದಕ್ಕೆ ಒಂದು ಕರೆಯುವ ಮಾತನ್ನು ಕಲಿಸಬೇಕು, ಕಲಿಸಿದವರ ದನಿಗೆ ಮಾತ್ರ ಅದು ಓಗೊಡುತ್ತದೆ. ಆ ಮಾತು ಹೇಳಿದರೆ ಅದರ ಕೆಂಪು ದೀಪ ಹಸಿರಾಗುತ್ತದೆ, ಆಮೇಲೆ ‘ಲೈಟು’, ‘ಫ್ಯಾನು’ ಎಂದು ಹುಕುಂ ಕೊಡಬೇಕು. ಅಂಗಡಿಯವನು ಒಂದು ಎಚ್ಚರಿಕೆ ಹೇಳಿದ.

“ಮನೆಯಲ್ಲಿ ಯಾರೂ ಆಡದ ಮಾತು ಇಡಿ ಸಾರ್. ಇಲ್ಲದಿದ್ದರೆ ನೀವು ಊಟ ಮಾಡುತ್ತ ಮಾತಾಡುವಾಗಲೆಲ್ಲ ಟಿವಿ ಹತ್ತಿಕೊಳ್ಳುತ್ತದೆ.”

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. ಲೋನ್ ಅರ್ಜಿ ಓದುವಾಗಲೂ ಹಾಗೇ ಮಾಡುತ್ತಿದ್ದರಂತೆ. ಆಮೇಲೆ ನನ್ನ ಕಡೆ ನೋಡಿ ನಕ್ಕರು.

“ನಮ್ಮ ಮನ್ಯಾಗ ಯಾರೂ ಆಡದ ಮಾತು ಒಂದೇ ಐತಿ. ನನ್ನ ಹೆಸರು.”

ನಿಜವೇ. ಮಗಳಿಗೆ ಅವರು ಅಪ್ಪ. ನನಗೆ ‘ಏನ್ರೀ’. ಗಂಡನ ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಮದುವೆಯ ದಿನ ಮಾತ್ರ ಹೇಳಿದ್ದೆ, ಅದೂ ಒಡಪಿನಲ್ಲಿ. ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರಿಟ್ಟು ಪದ ಕಟ್ಟಿ ಹೇಳುವ ತನಕ ಒಳಗೆ ಬಿಡುವುದಿಲ್ಲ. ಅತ್ತಿಗೆಯೊಬ್ಬರು ಕಲಿಸಿಕೊಟ್ಟಿದ್ದನ್ನು ತಲೆ ತಗ್ಗಿಸಿ ಒಪ್ಪಿಸಿ ಹೊಸ್ತಿಲು ದಾಟಿದ್ದೆ.

ಹೀಗಾಗಿ ಪೆಟ್ಟಿಗೆ ಅಂಗಡಿಯವನು ಹೇಳಿದಂತೆಯೇ ನಡೆಯಿತು. ಮಾತಿನ ನಡುವೆ ಅಪ್ಪಿತಪ್ಪಿಯೂ ಟಿವಿ ಹತ್ತಲಿಲ್ಲ. ಬೇಕಾದಾಗ ಅಡುಗೆಮನೆಯಿಂದ, “ಏನ್ರೀ, ಲೈಟ್ ಹಾಕ್ರಿ” ಎನ್ನುತ್ತಿದ್ದೆ. ಅವರು ತಮ್ಮ ಹೆಸರನ್ನು ತಾವೇ ಕರೆದು, “ಲೈಟು” ಎನ್ನುತ್ತಿದ್ದರು. ಎದ್ದು ಹೋಗಿ ಸ್ವಿಚ್ ಒತ್ತುವುದಕ್ಕಿಂತ ಇದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಕುಕ್ಕರ್ ಕೂಗಿದರೆ ಇನ್ನೂ ಹೆಚ್ಚು.

“ಈ ಮನ್ಯಾಗ ನನ್ನ ಮಾತು ಕೇಳೂದು ಇದೊಂದ ನೋಡು.”

“ಐದನೇ ಸಲಕ್ಕ ಕೇಳ್ತೈತಿ. ನಾ ಮೂರನೇ ಸಲಕ್ಕ ಕೇಳ್ತೀನಿ.”

ಅವರಿಗೆ ನೆಗಡಿಯಾದರೆ ಮನೆಗೆಲ್ಲ ಕಷ್ಟ. ಗಂಟಲು ಕಟ್ಟಿದ ದನಿಯನ್ನು ಪೆಟ್ಟಿಗೆ ಗುರುತಿಸುತ್ತಿರಲಿಲ್ಲ. ಮುಸ್ಸಂಜೆ ಕತ್ತಲಲ್ಲಿ ನಿಂತು, ಬಿಸಿ ಉಪ್ಪುನೀರು ಬಾಯಿ ಮುಕ್ಕಳಿಸಿ, ಗಂಟಲು ಸರಿ ಮಾಡಿಕೊಂಡು ತಮ್ಮ ಹೆಸರು ಕೂಗುತ್ತಿದ್ದರು. ದೀಪ ಹಚ್ಚಲು ಕಷಾಯ ಕಾಯಿಸಿಕೊಟ್ಟ ಹೆಂಗಸು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಆಸ್ಪತ್ರೆಯಿಂದ ಕೊನೆಯ ಸಲ ಮನೆಗೆ ಬಂದಾಗ ದನಿ ತೀರಾ ಸಣ್ಣದಾಗಿತ್ತು. ಸೋಫಾದ ಮೇಲೆ ಕುಳಿತು ನಾಲ್ಕು ಸಲ ಹೆಸರು ಹೇಳಿದರು. ಕೆಂಪು ದೀಪ ಹಾಗೇ ಇತ್ತು.

“ನೀ ಅವನಲ್ಲ ಅಂತೈತಿ ನೋಡು,” ಎಂದು ನನ್ನ ಕಡೆ ತಿರುಗಿದರು.

ನಾನು ಅಡುಗೆಮನೆಯಿಂದ ವಯರು ಎಳೆದು ಒಂದು ಟೇಬಲ್ ಲ್ಯಾಂಪ್ ತಂದಿಟ್ಟೆ. ಹದಿನೇಳನೆಯ ದಿನ ಅವರು ಹೋದರು.

ಬಂದವರೆಲ್ಲ ಆ ಟೇಬಲ್ ಲ್ಯಾಂಪಿನ ಬೆಳಕಿನಲ್ಲೇ ಕುಳಿತು ಎದ್ದು ಹೋದರು. ದುಃಖಕ್ಕೆ ಹೀಗೆ ಕತ್ತಲಲ್ಲಿ ಕೂರುತ್ತಾರೆ ಎಂದು ಕೆಲವರು ತಿಳಿದರು. ನಾನೂ ತಿದ್ದಲಿಲ್ಲ.

ಮಗಳು ವಿಜಯವಾಡದ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದಾಳೆ. ಬೆಳೆದದ್ದೆಲ್ಲ ಅಲ್ಲಿಯೇ, ತೆಲುಗೇ ಅವಳ ಬಾಯಿಗೆ ಹಗುರ. ಫೋನಿನಲ್ಲಿ ಹೇಳಿದಳು, “ಅಮ್ಮಾ, ಅದೆಲ್ಲ ತೀಸೇಸಿ ಮಾಮೂಲು ಸ್ವಿಚ್ ಹಾಕಿಸು. ಎಷ್ಟು ದಿನ ಚೀಕಟಿನಲ್ಲಿ ಕೂರ್ತೀಯ?”

“ಕತ್ತಲು ಅನ್ನವಾ. ಚೀಕಟಿ ಅನಬ್ಯಾಡ.”

“ಕತ್ತಲು. ಸರಿನಾ? ಆದಿವಾರ ಆ ಅಂಗಡಿ ಮೆಕ್ಯಾನಿಕ್‌ನ ಕಳಿಸ್ತೀನಿ.”

ಹಲಗೆಗಳನ್ನು ಬಿಗಿದದ್ದು ಅವರ ಕೈ. ಒಂದು ಸ್ಕ್ರೂ ವಾರೆಯಾಗಿ ಕುಳಿತಿತ್ತು, ಅದನ್ನು ನೋಡಿ ಅವರೇ ಬೇಜಾರು ಮಾಡಿಕೊಳ್ಳುತ್ತಿದ್ದರು. ಅದನ್ನು ಕೀಳಿಸಲು ನನಗೆ ಮನಸ್ಸಿರಲಿಲ್ಲ. ಪೆಟ್ಟಿಗೆಗೆ ಹೊಸ ದನಿ ಕಲಿಸಲು ಅವರ ದನಿ ಅಳಿಸಬೇಕಾಗುತ್ತದೆ ಎಂದು ತಿಳಿದಿದ್ದೆ. ಅದೂ ಬೇಡವಾಗಿತ್ತು. ಕತ್ತಲೇ ಆಗಬಹುದು ಎಂದುಕೊಂಡಿದ್ದೆ.

ಭಾನುವಾರ ಮೆಕ್ಯಾನಿಕ್ ರೈಲಿಳಿದು ಬಂದ. ತಲೆ ನರೆತ, ಸಾವಧಾನದ ಮನುಷ್ಯ. ಪೆಟ್ಟಿಗೆಯ ಸಣ್ಣ ಪರದೆಯಲ್ಲಿ ಏನೇನೋ ಒತ್ತಿ ನೋಡಿದ.

“ಏನೂ ಅಳಿಸಬೇಕಿಲ್ಲ ಅಮ್ಮಗಾರೂ. ಇದರಲ್ಲಿ ಇಬ್ಬರಿಗೆ ಜಾಗ ಇದೆ. ಒಂದು ಸಾರ್‌ದು. ಎರಡನೆಯದಕ್ಕೆ ಹೆಸರು ಬರೆದು ಖಾಲಿ ಬಿಟ್ಟಿದ್ದಾರೆ.”

“ಯಾರ ಹೆಸರು?”

ಅವನು ಪರದೆಯನ್ನು ನನ್ನ ಕಡೆ ತಿರುಗಿಸಿದ. ಇಂಗ್ಲಿಷ್ ಅಕ್ಷರದಲ್ಲಿ ನನ್ನ ಹೆಸರು. ಮೂವತ್ತೊಂದು ವರ್ಷ ನನ್ನನ್ನು ‘ಏ, ಕೇಳ್ತೇನು’ ಎಂದೇ ಕರೆದ ಮನುಷ್ಯ, ಹೇಳದೆ ಕೇಳದೆ ಅಲ್ಲಿ ಬರೆದಿಟ್ಟಿದ್ದರು. ಬ್ಯಾಂಕಿನಲ್ಲಿ ಗಂಡ ಹೆಂಡತಿಗೆ ಜಂಟಿ ಖಾತೆ ತೆರೆಯುವಾಗ, ಇಬ್ಬರಲ್ಲಿ ಉಳಿದವರು ನಡೆಸಬಹುದು ಎಂದು ಬರೆಸಿಕೊಳ್ಳುತ್ತಾರಂತೆ. ಆ ಅಭ್ಯಾಸ ಇರಬೇಕು.

“ಈಗ ಕರೆಯುವ ಮಾತು ಹೇಳಿ. ಮೂಡು ಸಾರ್ಲು, ಮೂರು ಸಲ, ಒಂದೇ ಥರ. ಏನು ಮಾತದು?”

ನಾನು ಪರದೆಯಲ್ಲಿ ಮೊದಲನೆಯ ಜಾಗದಲ್ಲಿದ್ದ ಅವರ ಹೆಸರಿಗೆ ಬೆರಳು ತೋರಿಸಿದೆ. ಅವನು ಪರದೆ ನೋಡಿದ, ನನ್ನನ್ನು ನೋಡಿದ. ಅರ್ಥವಾಯಿತೆಂದು ಕಾಣುತ್ತದೆ.

“ನಮ್ಮ ಮನೆಯಲ್ಲೂ ಹೇಳಲ್ಲ ಅಮ್ಮಾ. ನಮ್ಮಾವಿಡ, ಅದೇ ನನ್ನ ಹೆಂಡತಿ, ನನ್ನ ‘ಇದಿಗೋ’ ಅಂತಾಳೆ. ನಾನು ಆ ಕಡೆ ತಿರುಗಲಾ?”

ತಿರುಗಿದ. ಆದರೂ ಬರಿ ಹೆಸರು ಬಾಯಿಗೆ ಬರಲಿಲ್ಲ. ಬಂದದ್ದು ಒಡಪು.

“ಬೆಳ್ಳಿ ತಾಟಿನ್ಯಾಗ ಅಕ್ಕಿ ಆರಿಸ್ತೀನಿ, ದಾರಿ ಬಿಟ್ಟರ...” ಎಂದು ಶುರುಮಾಡಿ, ಅವರ ಹೆಸರು ಹೇಳಿ, “ಇವರ ಮನಿ ದೀಪ ಹಚ್ಚತೀನಿ” ಎಂದು ಮುಗಿಸಿದೆ. ಇಲ್ಲಿ ಹೆಸರಿನ ಜಾಗ ಬಿಟ್ಟಿದ್ದೇನೆ. ಕಾಗದದ ಮೇಲೆ ಇನ್ನೂ ಕೈ ಓಡುವುದಿಲ್ಲ.

ಪೆಟ್ಟಿಗೆ ಕೀಂಯ್ ಎಂದು ಕೆಂಪಾಯಿತು.

“ಅದೇನು, ಪಾಟನಾ, ಹಾಡಾ?” ಗೋಡೆಯ ಕಡೆ ನೋಡುತ್ತಲೇ ಮೆಕ್ಯಾನಿಕ್ ಕೇಳಿದ. “ಉದ್ದ ಆಯಿತು ಅಮ್ಮಾ. ಇದಕ್ಕೆ ಒಂದೇ ಮಾತು ಸಾಕು.”

ಮದುವೆಮನೆಯ ಹೆಂಗಸರಿಗೆ ಬರಿ ಹೆಸರು ಸಾಲುತ್ತಿರಲಿಲ್ಲ. ಈ ಪೆಟ್ಟಿಗೆಗೆ ಪದವೇ ಬೇಡ.

ಹೇಳಿದೆ. ಮೊದಲನೆಯದು ನನಗೇ ಕೇಳಿಸಲಿಲ್ಲ. ಎರಡನೆಯದು ಒಡೆಯಿತು. ದನಿ ಹೊಂದುತ್ತಿಲ್ಲವೆಂದು ಪರದೆ ಮತ್ತೆ ಮತ್ತೆ ತೋರಿಸಿತು. ಮೆಕ್ಯಾನಿಕ್ ನೀರು ಕುಡಿಯಿರಿ ಎಂದ. ನಾನು ಒಳಗೆ ಹೋಗಿ, ನೀರಿಗೆ ಉಪ್ಪು ಹಾಕಿ ಬಿಸಿ ಮಾಡಿ, ಬಾಯಿ ಮುಕ್ಕಳಿಸಿ ಬಂದೆ. ಎಷ್ಟು ಸಲ ಹೇಳಿದೆನೋ ಗೊತ್ತಿಲ್ಲ. ಹಸಿರು ಹತ್ತಿದಾಗ ಗಂಟಲು ಉರಿಯುತ್ತಿತ್ತು.

“ಈಗ ಹುಕುಂ ಹೇಳಿ,” ಎಂದ.

“ಲೈಟ್ ಹಾಕ್ರಿ,” ಎಂದೆ.

ಅವನು ನಕ್ಕ. “ಮಿಷನ್‌ಗೆ ‘ರೀ’ ಬೇಡಮ್ಮಾ.”

ಆದರೆ ನಾನು ಅದನ್ನು ಬದಲಾಯಿಸಲು ಬಿಡಲಿಲ್ಲ. ಅವನು ಹಾಗೆಯೇ ಕಲಿಸಿಕೊಟ್ಟು, ಉಪ್ಪಿಟ್ಟು ತಿಂದು ರೈಲಿಗೆ ಹೋದ. ಈಗ ದಿನಾ ಮುಸ್ಸಂಜೆ ಅವರ ಹೆಸರು ಹೇಳಿ, ಹಸಿರಾಗುವ ತನಕ ಕಾಯ್ದು, ಲೈಟ್ ಹಾಕ್ರಿ ಎನ್ನುತ್ತೇನೆ. ಸಾಮಾನ್ಯವಾಗಿ ಮೂರನೆಯ ಸಲಕ್ಕೆ ಕೇಳುತ್ತದೆ.