ಅಂಗಿಯೊಳಗಿನ ಚೀಟಿ

ತಿಕೋಂಡಿಯ ಶಿವಯೋಗೆಪ್ಪನಂಥ ಅಂಜುಬುರುಕನನ್ನು ಅವನು ಓದುತ್ತಿದ್ದ ಪುಣೆಯ ಕಾಲೇಜಿನವರು ಎಲ್ಲಿಂದ ಹುಡುಕಿ ತೆಗೆದರೋ, ಆರು ತಿಂಗಳು ಓದಿ ಬಾ ಎಂದು ಜರ್ಮನಿಗೆ ಅವನನ್ನೇ ಆರಿಸಿದ್ದರು. ಬದಲಿಗೆ ಅಲ್ಲಿಯ ವಿದ್ಯಾರ್ಥಿಯೊಬ್ಬ ಇಲ್ಲಿಗೆ ಬರುವವನಿದ್ದ. ಅಂದಿನಿಂದ ಅವನಿಗೆ ಊಟ ಸೇರದಾಯಿತು. ಬಾವಿಯ ಮೆಟ್ಟಿಲಿಳಿದರೂ ಸಮುದ್ರ ನೆನಪಾಗಿ ಕೊಡ ತುಂಬದೆಯೇ ಮೇಲೇರಿ ಬರುತ್ತಿದ್ದ. ಹಡಗಿನ ಓಲಾಟ ರೂಢಿಯಾಗಲೆಂದು ಚಕ್ಕಡಿಯಲ್ಲಿ ಅಂಗಾತ ಮಲಗಿ ಜತ್ತಿನ ಸಂತೆಗೆ ಹೋದ; ಅರ್ಧ ದಾರಿಯಲ್ಲೇ ವಾಂತಿ ಮಾಡಿಕೊಂಡ. “ಅಲ್ಲಿ ಥಂಡಿಗೆ ಕಿವಿ ಉದುರತಾವಂತ, ಖರೇ ಏನ್ರಿ?” ಎಂದು ಸಾಲಿ ಮಾಸ್ತರರನ್ನು ಮೂರು ಸಲ ಕೇಳಿ, ಅವರು ನಕ್ಕರೂ ನಂಬದೆ, ಕುರುಬರ ಬೀರವ್ವನಿಂದ ಎರಡು ಕಂಬಳಿ ತಂದು ಟ್ರಂಕಿಗೆ ತುರುಕಿದ. ಹೋಗುವುದಿಲ್ಲ ಎನ್ನೋಣವೆಂದರೆ ಅದನ್ನು ಪ್ರಿನ್ಸಿಪಾಲರಿಗೆ ಹೇಳಬೇಕಲ್ಲ, ಅದಕ್ಕೂ ಅಂಜಿಕೆ. ಹೊರಡುವ ಮುಂಜಾನೆ ಲಿಂಗಪೂಜೆ ಮುಗಿಸಿ, ಮಡಚಿದ ಚೀಟಿಯೊಂದನ್ನು ಅವ್ವ ಸಿದ್ದವ್ವನ ಕೈಗಿತ್ತು, ಒಳಗಿನ ಅಂಗಿಗೆ ಹೊಲಿದುಕೊಡು ಎಂದ. “ಏನ ಐತೋ ಇದರಾಗ?” ಓದು ಬಾರದ ಅವಳು ಕೇಳಿದಳು. “ನಮ್ಮ ಮನಿ ಪತ್ತಾ ಬೇ. ಎಲ್ಲ್ಯಾರ ದಾರಿ ತಪ್ಪಿದ್ರ ಇರ್ಲಿ ಅಂತ.” ಚೀಟಿಯಲ್ಲಿ ಅವನು ಇಂಗ್ಲಿಷಿನಲ್ಲಿ ಬರೆದದ್ದು ಇಷ್ಟು: ನಾನು ಸತ್ತರೆ ಸುಡಬೇಡಿರಿ, ಕೊರಳಲ್ಲಿರುವ ಲಿಂಗವನ್ನು ಎಡಗೈಯಲ್ಲಿಟ್ಟು, ಕೂರಿಸಿ ಮಣ್ಣು ಮಾಡಿರಿ. “ಹಂಗಾದ್ರ ಗಟ್ಟಿ ಹೊಲೀತೀನಿ ತಡಿ” ಎಂದು ಸಿದ್ದವ್ವ ಸೂಜಿಗೆ ಎರಡೆಳೆ ದಾರ ಪೋಣಿಸಿದಳು.