ಸೂಕ್ಷ್ಮದರ್ಶಕಕ್ಕೆ ಕುಂಕುಮ ಇಟ್ಟ ವರ್ಷ

ಶಾಲೆಯ ಬಿಸಿಯೂಟ ಇನ್ನೂ ಹೊಸದಾಗಿದ್ದ ಕಾಲ ಅದು. ಹನ್ನೊಂದು ಗಂಟೆಗೆಲ್ಲ ಸಾಂಬಾರಿನ ಒಗ್ಗರಣೆ ವಾಸನೆ ಕ್ಲಾಸಿನೊಳಗೆ ನುಗ್ಗಿದರೆ ಆಮೇಲೆ ಮೇಷ್ಟ್ರು ಹೇಳಿದ್ದು ಒಂದೂ ತಲೆಗೆ ಹತ್ತುತ್ತಿರಲಿಲ್ಲ. ಪಂಚನಹಳ್ಳಿ ಕಡೆಯ ಊರುಗಳಲ್ಲಿ ಆಗ ಓದಿದವರಿಗೆ ಆ ವಾಸನೆ ಈಗಲೂ ಮೂಗಿನಲ್ಲಿದ್ದೀತು.

ಆ ವರ್ಷ ನಮ್ಮ ಶಾಲೆಗೆ ಎಲ್ಲಿಂದಲೋ ಅನುದಾನ ಬಂತು. ಹೆಂಚಿನ ಕಟ್ಟಡದ ಪಕ್ಕದಲ್ಲಿ ಆರ್‌ಸಿಸಿ ಕೊಠಡಿ ಎದ್ದಿತು, ನೆಲಕ್ಕೆ ಟೈಲ್ಸ್ ಬಿತ್ತು, ಗೋಡೆಗೆ ಗುಲಾಬಿ ಬಣ್ಣ ಬಂತು. ಹಸಿರು ಬೀರು ತುಂಬ ವಿಜ್ಞಾನದ ಸಾಮಾನುಗಳೂ ಬಂದವು. ಬೀರುವಿಗೆ ಬೀಗ ಬಿತ್ತು, ಬೀಗದ ಕೈ ದೊಡ್ಡ ಮೇಷ್ಟ್ರ ಜನಿವಾರದಂತೆ ಅವರ ಮೈಮೇಲೇ ಉಳಿಯಿತು. ಆ ದುಡ್ಡಿನಲ್ಲಿ ನಮ್ಮ ಕೈಗೆ ನೇರವಾಗಿ ಸಿಕ್ಕಿದ್ದೆಂದರೆ ಒಡೆದ ಟೈಲ್ಸಿನ ಚೂರುಗಳು. ಕುಂಟೆಬಿಲ್ಲೆ ಆಡಲು ಅದರಷ್ಟು ಒಳ್ಳೆಯ ಬಿಲ್ಲೆ ನಾನು ಮತ್ತೆ ಕಂಡಿಲ್ಲ.

ನಾನೂ ಗೌರಿಯೂ ಏಳನೇ ಕ್ಲಾಸು. ಗೌರಿ ನನ್ನ ಚಿಕ್ಕಪ್ಪನ ಮಗಳು, ಒಂದೇ ಮನೆಯಲ್ಲಿ ಬೆಳೆದವರು. ಕುಂಟೆಬಿಲ್ಲೆಯಲ್ಲಿ ಅವಳನ್ನು ಸೋಲಿಸಿದವರಿಲ್ಲ. ಅವಳ ಕಣ್ಣಿಗೆ ಬೀಳದ ಗೆರೆಯೇ ಇರಲಿಲ್ಲ. ಯಾರ ಹೆಬ್ಬೆರಳು ಗೆರೆ ಮುಟ್ಟಿತು ಎಂಬ ಜಗಳಕ್ಕೆಲ್ಲ ಅವಳದ್ದೇ ತೀರ್ಪು. ಓದು ಮಾತ್ರ ಬರುತ್ತಿರಲಿಲ್ಲ. ಐದು, ಆರು, ಏಳು ಮೂರನ್ನೂ ದೊಡ್ಡ ಮೇಷ್ಟ್ರೊಬ್ಬರೇ ಒಂದೇ ಕೋಣೆಯಲ್ಲಿ ಕೂರಿಸಿ ನಡೆಸುತ್ತಿದ್ದರು. ಮೂರನೇ ಸಾಲಿನ ಮೂಲೆಯಲ್ಲಿ ಕೂತವಳಿಗೆ ಒತ್ತಕ್ಷರ ಬಂದಿದೆಯೋ ಇಲ್ಲವೋ ಎಂದು ಕೇಳಲು ಅವರಿಗೆ ಪುರುಸೊತ್ತೆಲ್ಲಿ? ಎಲ್ಲರೂ ಕೂಗಿದಾಗ ಅವಳೂ ಕೂಗುತ್ತಿದ್ದಳು, ಹಾಗೆಯೇ ಏಳನೇ ಕ್ಲಾಸು ಮುಟ್ಟಿದ್ದಳು.

ಚಿಕ್ಕಪ್ಪನಿಗೆ ಇದು ಗೊತ್ತಾದದ್ದು ಕೊಬ್ಬರಿ ಸುಲಿಯುತ್ತಿದ್ದ ಒಂದು ಸಂಜೆ. ಮನೆಯೆಲ್ಲ ಒಣಕೊಬ್ಬರಿಯ ಎಣ್ಣೆ ವಾಸನೆ. ಗೊಬ್ಬರದ ಚೀಲದ ಮೇಲೆ ಏನಿದೆ ಓದೇ ಅಂದರು. ಗೌರಿ ಚೀಲ ನೋಡಿದಳು, ನನ್ನ ಮುಖ ನೋಡಿದಳು.

ಚಿಕ್ಕಪ್ಪ ಬೈಯಲಿಲ್ಲ. ಅಪ್ಪನ ಕಡೆ ತಿರುಗಿ, ಸರ್ಕಾರ ಸುರಿದ ದುಡ್ಡೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತು ನೋಡು ಅಂದರು. ಬೇಸಿಗೆ ಹೊತ್ತಿಗೆ ಇವಳಿಗೆ ಓದಕ್ಕೆ ಬರದಿದ್ದರೆ ಹೈಸ್ಕೂಲೂ ಇಲ್ಲ, ಏನೂ ಇಲ್ಲ, ಮನೇಲಿ ಇರಲಿ ಎಂದು ಮಾತು ಮುಗಿಸಿದರು. ನಮ್ಮ ಮನೆಯಲ್ಲಿ ಚಿಕ್ಕಪ್ಪ ಕಡಿಮೆ ಮಾತಿನವರು, ಆಡಿದ್ದನ್ನು ತಿರುಗಿಸಿದ್ದು ನಾನು ಕಂಡಿರಲಿಲ್ಲ.

ಅಪ್ಪ ಸುಲಿಯುತ್ತಿದ್ದ ಕಾಯಿ ಕೆಳಗಿಟ್ಟರು. "ಗೊಬ್ಬರ ಎಷ್ಟು ಹಾಕ್ದೆ ಅನ್ನೋದಲ್ಲ ಕಣೋ, ಬೇರಿಗೆ ಸಿಕ್ತಾ ಅನ್ನೋದು ಮುಖ್ಯ. ಗರಿಗೆ ಸುರುದ್ರೆ ಮರ ಏನ್ಮಾಡ್ತದೆ?"

ಗೌರಿ ಅಂದು ಊಟ ಮಾಡಲಿಲ್ಲ. ಅವಳಿಲ್ಲದೆ ಹೈಸ್ಕೂಲಿಗೆ ಪಂಚನಹಳ್ಳಿ ಬಸ್ಸು ಹತ್ತುವುದನ್ನು ನೆನೆಸಿಕೊಂಡರೇ ನನಗೆ ಅಳು ಬರುತ್ತಿತ್ತು.

ಮರುವಾರವೇ ದಸರಾ ರಜೆ. ರಜೆ ಕೊಡುವ ಮುನ್ನ ಶಾಲೆಯಲ್ಲಿ ಆಯುಧಪೂಜೆ. ವರ್ಷಾ ವರ್ಷಾ ಗಂಟೆಗೆ, ಗುದ್ದಲಿಗೆ, ಗ್ಲೋಬಿಗೆ ಪೂಜೆ ಆಗುತ್ತಿತ್ತು. ಈ ಸಲ ಬೀರು ತೆಗೆದು ದೊಡ್ಡ ಮೇಷ್ಟ್ರು ಸೂಕ್ಷ್ಮದರ್ಶಕವನ್ನು ಮೇಜಿನ ಮೇಲೆ ಕೂರಿಸಿದರು. ಅದರ ಕೊಳವೆಗೆ ಮೂರು ಪಟ್ಟೆ ವಿಭೂತಿ ಎಳೆದು, ನೆತ್ತಿಯ ಮೇಲಿದ್ದ ಗಾಜಿಗೆ ಒದ್ದೆ ಬೆರಳಿನಲ್ಲಿ ಕುಂಕುಮ ಇಟ್ಟರು. ಸೇವಂತಿಗೆ ಮುಡಿಸಿದರು. ಮಂಗಳಾರತಿ ಆಯಿತು, ಪುರಿ-ಕಡಲೆ ಹಂಚಿದ್ದಾಯಿತು, ದೇವರು ಮತ್ತೆ ಬೀರು ಸೇರಿತು.

ಸಂಕ್ರಾಂತಿ ಕಳೆದ ಮೇಲೆ ಕಡೂರಿನಿಂದ ಸಾಹೇಬರೊಬ್ಬರು ಶಾಲೆ ನೋಡಲು ಬರುತ್ತಾರೆಂದು ಸುದ್ದಿ ಬಂತು. ದೊಡ್ಡ ಮೇಷ್ಟ್ರು ನಮಗೆಲ್ಲ ಉರು ಹೊಡೆಸಿದರು. ಈರುಳ್ಳಿ ಸಿಪ್ಪೆಯನ್ನು ಸೂಕ್ಷ್ಮದರ್ಶಕದಲ್ಲಿ ಇಡುತ್ತೇನೆ, ಏನು ಕಾಣುತ್ತದೆ ಎಂದು ಸಾಹೇಬರು ಕೇಳಿದರೆ, ಇಟ್ಟಿಗೆ ಜೋಡಿಸಿದ ಹಾಗೆ ಜೀವಕೋಶಗಳು ಕಾಣ್ತವೆ ಸಾ, ಅನ್ನಬೇಕು. ಪುಸ್ತಕದಲ್ಲಿ ಹಾಗೆಯೇ ಇತ್ತು.

ಸಾಹೇಬರು ಬಂದರು. ದಪ್ಪ ಮೀಸೆ, ದಣಿದ ಮುಖ. ಬೀರು ತೆರೆಯಿತು. ದೊಡ್ಡ ಮೇಷ್ಟ್ರು ಟವೆಲಿನಿಂದ ಕೊಳವೆ ಒರೆಸಿದರು. ಗಾಜು ನಾಜೂಕಿನ ವಸ್ತುವೆಂದು ಅದನ್ನು ಮುಟ್ಟುವ ಧೈರ್ಯ ಮಾಡಲಿಲ್ಲ. ಹುಡುಗರು ಒಬ್ಬೊಬ್ಬರೇ ಹೋಗಿ, ಬಗ್ಗಿ, ಕಣ್ಣು ತಾಗಿಸದೆಯೇ ಇಟ್ಟಿಗೆ ಸಾ, ಇಟ್ಟಿಗೆ ಸಾ ಎಂದು ಹೇಳಿ ಬರುತ್ತಿದ್ದರು. ಗೌರಿಯ ಹಿಂದೆ ನಾನು. ನನ್ನ ಸರದಿ ಬಂದಿದ್ದರೆ ನಾನೂ ಊರಿಗೆಲ್ಲ ಮನೆ ಕಟ್ಟುವಷ್ಟು ಇಟ್ಟಿಗೆ ಕಂಡಿರುತ್ತಿದ್ದೆ.

ಗೌರಿ ಬಗ್ಗಿದಳು. ಬಗ್ಗಿದವಳು ಏಳಲೇ ಇಲ್ಲ. ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದು ಕಣ್ಣು ಮುಚ್ಚಿ ನೋಡಿದಳು. ದೊಡ್ಡ ಮೇಷ್ಟ್ರು ಕೆಮ್ಮಿದರು. ಏನಮ್ಮಾ ಕಾಣ್ತಿದೆ ಎಂದು ಸಾಹೇಬರು ಕೇಳಿದರು.

"ಕುಂಕುಮ ಕಾಣ್ತದೆ ಸಾ."

ಸಾಹೇಬರು ತಾವೇ ಬಗ್ಗಿ ನೋಡಿದರು. ಎದ್ದಾಗ ಅವರ ಕಣ್ಣಿನ ಸುತ್ತ ಕೆಂಪು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಕೋಣೆಗೆ ಕೋಣೆಯೇ ನಕ್ಕಿತು. ದೊಡ್ಡ ಮೇಷ್ಟ್ರ ಮುಖ ಮಾತ್ರ ಸುಣ್ಣವಾಗಿತ್ತು. ಮಕ್ಕಳು ಮುಟ್ಟಿ ಒಡೆದರೆ ನನ್ನ ಸಂಬಳದಲ್ಲಿ ಹಿಡೀತಾರೆ ಸಾ, ಅದಕ್ಕೇ ತೆಗೆದಿರಲಿಲ್ಲ ಎಂದು ತಡವರಿಸಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಆ ಭಯ ನಿಜವೇ ಆಗಿತ್ತು, ಪಾಪ.

ಸಾಹೇಬರು ಕರ್ಚೀಫಿನಿಂದ ಕಣ್ಣೊರೆಸಿಕೊಂಡು ಹೇಳಿದರು, "ಒಡೀಲಿ ಬಿಡಿ ಮೇಷ್ಟ್ರೇ. ಒಡೆದ್ರೆ ಒಡೀತು ಅಂತ ನಾನು ಬರ್ಕೊಡ್ತೀನಿ. ಮುಚ್ಚಿಟ್ಟಿದ್ದಕ್ಕೆ ಏನಂತ ಬರೀಲಿ?"

ಹೋಗುವಾಗ ಬೀಗದ ಕೈಯನ್ನು ಬಾಗಿಲ ಪಕ್ಕದ ಮೊಳೆಗೆ ತಾವೇ ನೇತುಹಾಕಿದರು. ಗೌರಿಯ ತಲೆ ಸವರಿ, ಈ ಹುಡುಗಿ ಕಂಡದ್ದನ್ನು ಹೇಳ್ತಾಳೆ, ಬೀರು ಇವಳ ಕೈಲಿರಲಿ ಅಂದರು. ಮುಂದಿನ ತಿಂಗಳು ನಮಗೆ ಇನ್ನೊಬ್ಬ ಟೀಚರು ಬಂದರು. ಅಜ್ಜಂಪುರದ ಕಡೆಯವರು, ಸ್ಕೂಟಿಯಲ್ಲಿ ಬರುತ್ತಿದ್ದರು. ಅವರ ಸಂಬಳವೂ ಸರ್ಕಾರದ ದುಡ್ಡೇ ಎಂಬುದು ಆಗ ನಮಗೆ ಹೊಳೆದಿರಲಿಲ್ಲ.

ಗೌರಿಗೆ ಪೀಕಲಾಟ ಶುರುವಾದದ್ದು ಆಮೇಲೆ. ಪ್ರನಾಳ ಕೊಡು, ಮಸೂರ ಕೊಡು ಎಂದು ಟೀಚರು ಕೇಳುತ್ತಿದ್ದರು. ಪ್ರತಿ ಡಬ್ಬಿಗೂ ಹೆಸರು ಅಂಟಿಸಿತ್ತು, ಓದದೆ ತೆಗೆಯುವ ಹಾಗಿರಲಿಲ್ಲ. ಮೊದಮೊದಲು ನಾನು ಸನ್ನೆ ಮಾಡುತ್ತಿದ್ದೆ. ಟೀಚರು ನನ್ನನ್ನು ಹೊರಗೆ ಕಳಿಸಿ, ಅವಳನ್ನು ಬೀರುವಿನ ಮುಂದೆ ಕೂರಿಸಿಕೊಂಡು ಒಂದೊಂದು ಅಕ್ಷರಕ್ಕೂ ಬೆರಳಿಡಿಸಿದರು. ಊಟದ ಗಂಟೆ ಹೊಡೆದರೂ ಇಬ್ಬರೂ ಏಳುತ್ತಿರಲಿಲ್ಲ, ತಣ್ಣಗಾದ ಅನ್ನವನ್ನು ಜೊತೆಯಲ್ಲೇ ಉಣ್ಣುತ್ತಿದ್ದರು. ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಸಂತೋಷವೂ ಆಗುತ್ತಿತ್ತು.

ಯುಗಾದಿ ಹಿಂದಿನ ದಿನ ಚಿಕ್ಕಪ್ಪ ಮತ್ತೆ ಅದೇ ಗೊಬ್ಬರದ ಚೀಲ ತೋರಿಸಿದರು. ಗೌರಿ ಚೀಲದ ಸುಕ್ಕು ಸರಿಪಡಿಸಿ, ತಡೆದು ತಡೆದು ಓದಿದಳು. "ಕೊಕ್ಕೆ... ಬಳಸ... ಬೇಡಿ." ಒತ್ತಕ್ಷರದಲ್ಲಿ ಒಂದಿಷ್ಟು ಒದ್ದಾಡಿದಳು, ಆದರೆ ಬಿಡಲಿಲ್ಲ. ಚಿಕ್ಕಪ್ಪ ಚೀಲ ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ ಅಪ್ಪನನ್ನು ಕೇಳಿದರು, "ಅಣ್ಣಾ, ಹೈಸ್ಕೂಲಿಗೆ ಯೂನಿಫಾರಂ ಬಣ್ಣ ಯಾವ್ದಂತೆ?"

ಗೌರಿ ಈಗ ತರೀಕೆರೆಯಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿದ್ದಾಳೆ. ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣು. ಕೆಂಪು ಕಂಡಾಗಲೆಲ್ಲ ಕುಂಕುಮ ನೆನಪಾಗ್ತದೆ ಕಣೇ ಎಂದು ಫೋನಿನಲ್ಲಿ ನಗುತ್ತಾಳೆ. ನಾನು ಊರಿನಲ್ಲೇ ಇದ್ದೇನೆ, ಶಾಲೆಯ ಸಮಿತಿಯಲ್ಲಿದ್ದೇನೆ. ಈಗಿನ ಶಾಲೆಯಲ್ಲಿ ಗೋಡೆಯಗಲದ ಟಿ.ವಿ. ಇದೆ, ಕುಡಿಯುವ ನೀರಿನ ಯಂತ್ರವಿದೆ. ಹಳದಿ ವ್ಯಾನುಗಳು ಅರ್ಧ ಊರಿನ ಮಕ್ಕಳನ್ನು ಕಡೂರಿಗೆ ಹೊತ್ತೊಯ್ಯುತ್ತವೆ. ಅಂಗಳದಲ್ಲಿ ಕುಂಟೆಬಿಲ್ಲೆಯ ಗೆರೆಗಳಿಲ್ಲ. ಮೂರು ಕ್ಲಾಸು ಒಂದೇ ಕೋಣೆಯಲ್ಲಿ ಒತ್ತಿಕೊಂಡು ಕೂತ ಗದ್ದಲ, ತಣ್ಣನೆ ಅನ್ನವನ್ನು ಹಂಚಿಕೊಂಡು ತಿನ್ನುವಷ್ಟು ಪುರುಸೊತ್ತು, ಅವೆಲ್ಲ ಹೋದವು. ಆ ಗದ್ದಲಕ್ಕಾಗಿ ನನ್ನ ಜೀವ ಈಗಲೂ ಎಳೆಯುತ್ತದೆ.

ಮೊನ್ನೆ ಶಾಲೆಗೆ ಮತ್ತೆ ಅನುದಾನ ಬಂದಾಗ ಸಮಿತಿಯಲ್ಲಿ ಗೇಟಿಗೆ ಕಮಾನು ಕಟ್ಟಿಸೋಣ ಅಂದರು. ನಾನು ಅಪ್ಪನ ಗೊಬ್ಬರದ ಮಾತು ಎತ್ತಿದೆ. ಜೋರು ಜಗಳವೇ ಆಯಿತು, ನನ್ನ ಬಾಯಿ ಊರಿಗೆಲ್ಲ ಗೊತ್ತು. ಕಡೆಗೆ ಆ ದುಡ್ಡಿನಲ್ಲಿ, ಓದು ಹಿಂದುಳಿದ ಮಕ್ಕಳಿಗೆ ಸಂಜೆ ಹೇಳಿಕೊಡಲು ಒಬ್ಬ ಹುಡುಗಿಯನ್ನು ನೇಮಿಸಿದೆವು. ಉಳಿದದ್ದರಲ್ಲಿ ಹಳೆಯ ಸೂಕ್ಷ್ಮದರ್ಶಕ ರಿಪೇರಿಯಾಯಿತು. ಬೀಗದ ಕೈ ಆ ಮೊಳೆಯಲ್ಲೇ ಇದೆ.

ಕಳೆದ ಶನಿವಾರ ಗೌರಿ ಬಂದು ಮಕ್ಕಳಿಗೆ ಈರುಳ್ಳಿ ಸಿಪ್ಪೆ ತೋರಿಸಿದಳು. ಎಲ್ಲರೂ ಬಗ್ಗಿ ನೋಡಿ, ಸೂಪರ್ ಮಿಸ್, ಸೂಪರ್ ಮಿಸ್ ಅನ್ನುತ್ತಿದ್ದರು. ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ಮಾತ್ರ ಬಗ್ಗಿದವಳು ಏಳಲೇ ಇಲ್ಲ. ಆಮೇಲೆ ಹೆದರಿಕೊಂಡೇ ತಲೆಯೆತ್ತಿ, ನಂಗೇನೂ ಕಾಣ್ತಿಲ್ಲ ಮಿಸ್ ಅಂದಳು.

ಗೌರಿಯ ಕಣ್ಣಲ್ಲಿ ನೀರು ಬಂತು. ಸ್ಟೂಲು ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತಳು.

"ಹಂಗೇ ಹೇಳ್ಬೇಕು ಕಣೇ. ಬಾ, ಕಾಣೋ ಹಂಗೆ ಮಾಡಣ."