ವಿಮಾನದ ಹೊಟ್ಟೆ ತೊಳೆದವಳು

ಬೆಳಕು ಹರಿಯುವ ಮೊದಲು ಅವಳು ಮಾಡಿ ಮುಗಿಸಬೇಕಾದ ಕೆಲಸಗಳು ಇವು: ಹಾಸಿಗೆ ಹಿಡಿದ ಅತ್ತೆಯನ್ನು ಎಡಮಗ್ಗುಲಿನಿಂದ ಬಲಮಗ್ಗುಲಿಗೆ ಹೊರಳಿಸುವುದು. ಒದ್ದೆ ಬಟ್ಟೆ ಎಳೆದು, ಬೆನ್ನು ಒರೆಸಿ, ಪೌಡರು ಹಾಕಿ, ಒಣಬಟ್ಟೆ ಹಾಸುವುದು. ಒದ್ದೆಯಾದದ್ದನ್ನು ನೆನೆಹಾಕುವುದು. ನಲ್ಲಿಯಲ್ಲಿ ನೀರು ಬರುವ ಮುಕ್ಕಾಲು ಗಂಟೆಯೊಳಗೆ ಮನೆಯ ಪಾತ್ರೆಗಳನ್ನೆಲ್ಲ ತುಂಬುವುದು. ಎರಡು ಹೊತ್ತಿನ ಅಡುಗೆ ಮಾಡಿ, ಅತ್ತೆಯ ಪಾಲನ್ನು ಕಿವುಚಿ ಮುಚ್ಚಿಡುವುದು. ಗಂಡನ ಅಂಗಿಗೆ ಇಸ್ತ್ರಿ. ಗಂಡನ ಫ್ಲಾಸ್ಕಿಗೆ ಚಹಾ. ಗಂಡನ ದುರ್ಬೀನಿನ ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸುವುದು. ಅದಕ್ಕೆ ಉಸಿರು ಊದಬಾರದು, ಉಗುರು ತಾಗಬಾರದು. ಇಷ್ಟಾದ ಮೇಲೆ ಐದು ಹತ್ತರ ಬಸ್ಸು.

ಗಂಡನದು ಹೊಟ್ಟೆಪಾಡಿಗೆ ವಾಚ್ ರಿಪೇರಿ ಅಂಗಡಿ, ಜೀವಕ್ಕೆ ವಿಮಾನ. ವಿಮಾನ ನಿಲ್ದಾಣದ ತಂತಿಬೇಲಿಯ ಹೊರಗೆ ಮಡಚುವ ಕುರ್ಚಿ ಹಾಕಿಕೊಂಡು ಕೂತು, ಬಂದ ಹೋದ ವಿಮಾನಗಳ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವ ಏಳು ಗಂಡಸರ ಸಂಘಕ್ಕೆ ಅವನೇ ಕಾರ್ಯದರ್ಶಿ. ಅದೇ ಬೇಲಿಯ ಒಳಗೆ, ಸರಕು ವಿಮಾನಗಳ ಹೊಟ್ಟೆಯನ್ನು ಗುಡಿಸಿ ತೊಳೆಯುವ ಗುತ್ತಿಗೆ ಕೆಲಸ ಅವಳದು. ಗಂಡ ಹೆಂಡತಿ ಇಬ್ಬರೂ ಹೋಗುವುದು ಒಂದೇ ಕಡೆಗೆ. ಒಂದೇ ಬಸ್ಸಿನಲ್ಲಿ ಒಂದು ದಿನವೂ ಹೋದವರಲ್ಲ. ಅವನು ಏಳುವುದೇ ಎಂಟಕ್ಕೆ.

ನಾಲ್ಕು ವರ್ಷದ ಹಿಂದೆ ಒಂದು ದಿನ ಆ ಭಾರೀ ವಿಮಾನ ಬಂದಿತ್ತು. ಸಂಘದವರು ಅದರ ಹೆಸರು ಹೇಳುವಾಗ ದನಿ ತಗ್ಗಿಸುತ್ತಾರೆ, ಅಂಥದ್ದು. ಅದರಲ್ಲಿ ಬಂದದ್ದು ಐವತ್ತು ಓಟದ ಕುದುರೆಗಳು. ಕುದುರೆಯ ಉಚ್ಚೆ ಇಂಗಿದರೆ ನೆಲದ ಲೋಹವನ್ನು ತಿಂದುಹಾಕುತ್ತದೆ, ಹಾಗಾಗಿ ಹನ್ನೊಂದು ಜನ ಹೆಂಗಸರನ್ನು ಒಳಗೆ ಬಿಟ್ಟರು. ಆರು ಗಂಟೆ ಮಂಡಿಯ ಮೇಲೆ ಕೂತು ಉಜ್ಜಿದರು. ಘಾಟಿಗೆ ಕಣ್ಣು ಉರಿದು ನೀರು ಸುರಿಯುತ್ತಿತ್ತು. ಆದರೂ ಅವಳು ನೋಡಿದಳು. ವಿಮಾನದ ಮೂತಿ ಇಡಿಯಾಗಿ ಮೇಲಕ್ಕೆ ತೆರೆದುಕೊಂಡದ್ದನ್ನು. ಅದು ಮುಂದಿನ ಚಕ್ರಗಳನ್ನು ಮಡಿಸಿ, ಕೆರೆಗೆ ಬಾಯಿ ಹಾಕಿದ ಎಮ್ಮೆಯ ಹಾಗೆ ಬಗ್ಗಿದ್ದನ್ನು. ಒಳಗಿನ ಗೋಡೆಗೆ ಅಂಟಿದ ಕಬ್ಬಿಣದ ಏಣಿ ಹತ್ತಿದರೆ ಮೇಲೊಂದು ಪುಟ್ಟ ಕೋಣೆ. ಅಲ್ಲಿ ಯಾರೋ ಪೈಲಟ್ ಒಗೆದು ಒಣಹಾಕಿದ್ದ ಒಂದು ಜೊತೆ ಕಾಲುಚೀಲ. ಹಿಮ್ಮಡಿಗೆ ತೇಪೆ ಹಾಕಿದ್ದ ಕಾಲುಚೀಲ.

ಅವತ್ತು ಸಂಜೆ ಕಾಲು ತೊಳೆಯುತ್ತ ಅವಳು ಮಾತಿಗೆ ಹೇಳಿದಳು. ಗಂಡ ಕೂತಲ್ಲಿಂದ ಎದ್ದು ಬಂದ. ಕುಡಿಯಲು ನೀರು ತಂದುಕೊಟ್ಟ. "ಆಮೇಲೆ? ಒಳಗೆ ಎಷ್ಟು ಎತ್ತರ ಇತ್ತೇ? ವಾಸನೆ ಹೇಗಿತ್ತು?" ಮದುವೆಯಾದ ಹದಿನೈದು ವರ್ಷದಲ್ಲಿ ಅವನು ಅವಳನ್ನು 'ಆಮೇಲೆ?' ಎಂದು ಕೇಳಿದ್ದು ಅದೇ ಮೊದಲು. ಅವಳು ಹಸಿವೆ ಮರೆತು ಹೇಳಿದಳು. ಅವನು ಬರೆದುಕೊಂಡ. ತನ್ನ ಮಾತನ್ನು ಒಬ್ಬರು ಬರೆದುಕೊಳ್ಳುತ್ತಿದ್ದಾರೆ ಎಂಬ ಹಿಗ್ಗಿನಲ್ಲಿ ಅವಳು ಅವತ್ತು ಅತ್ತೆಯನ್ನು ಹೊರಳಿಸುವುದನ್ನೂ ಮರೆತಳು. ಅದಕ್ಕೆ ಬೈಸಿಕೊಂಡಳು. ಬೈಸಿಕೊಂಡದ್ದೂ ಅವತ್ತು ನೋಯಲಿಲ್ಲ.

ಈ ವರ್ಷ ಸಂಘ ಒಂದು ಪುಸ್ತಕ ತರಲು ಹೊರಟಿತು. ಹೆಸರು 'ಹತ್ತಿರದಿಂದ ಕಂಡೆವು'. ಆ ಭಾರೀ ವಿಮಾನವನ್ನು ಕಂಡ ನೆನಪನ್ನು ಒಬ್ಬೊಬ್ಬರೂ ಬರೆಯುವುದು. ಭಾನುವಾರ ಅವಳ ಮನೆಯ ನಡುಮನೆಯಲ್ಲಿ ಎಲ್ಲರೂ ಸೇರಿ ಓದಿದರು. ಸಂಘದ ಅಧ್ಯಕ್ಷರಾದ ಮೇಷ್ಟ್ರು, ಅದರ ನೆರಳು ಶಾಲೆಯ ಆಟದ ಬಯಲನ್ನು ಒಂದು ಗಳಿಗೆ ಕತ್ತಲು ಮಾಡಿದ್ದನ್ನು ಬರೆದಿದ್ದರು. ಔಷಧಿ ಅಂಗಡಿಯವನು ಮೇಲ್ಸೇತುವೆಯ ಮೇಲೆ ಸ್ಕೂಟರ್ ನಿಲ್ಲಿಸಿ, ತಲೆಯ ಮೇಲೆ ಹಾದುಹೋದ ಅದರ ಹೊಟ್ಟೆ ನೋಡಿ ಅತ್ತುಬಿಟ್ಟನಂತೆ. ಅವನ ಹಿಂದೆ ನಿಂತ ಲಾರಿಯವನು ಬೈದ ಬೈಗುಳವನ್ನೂ ಪ್ರಾಮಾಣಿಕವಾಗಿ ಬರೆದಿದ್ದ. ಎಲ್ಲರೂ ನಕ್ಕರು. ಅವಳೂ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ನಕ್ಕಳು.

ಆಮೇಲೆ ಗಂಡ ಓದಿದ.

"ಒಬ್ಬ ಅಧಿಕಾರಿಯ ಕೃಪೆಯಿಂದ ನಾನು ಅದರ ಒಳಗೆ ಕಾಲಿಟ್ಟೆ. ಗಜರಾಜ ಮಂಡಿಯೂರಿ ನನ್ನನ್ನು ಬರಮಾಡಿಕೊಂಡಂತಿತ್ತು..."

ಎಮ್ಮೆ ಆನೆಯಾಗಿತ್ತು. ಹನ್ನೊಂದು ಹೆಂಗಸರು ಇರಲೇ ಇಲ್ಲ. ಉಚ್ಚೆ ಇರಲಿಲ್ಲ, ಬಕೆಟ್ಟು ಇರಲಿಲ್ಲ. ಏಣಿ ಇತ್ತು. ಕೋಣೆ ಇತ್ತು. ತೇಪೆ ಹಾಕಿದ ಕಾಲುಚೀಲದ ಸಾಲನ್ನು ಅವನು ಎರಡು ಸಲ ಓದಿದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

"ಅದು ನಾನು ಕಂಡಿದ್ದು," ಅಂದಳು ಅವಳು.

ಯಾರಿಗೂ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದಳು. "ರೀ, ಅದು ನಾನಲ್ವಾ ಕಂಡಿದ್ದು? ನಾನೇ ಅಲ್ವಾ ಹೇಳಿದ್ದು ನಿಮಗೆ?"

"ಓಹೋ! ಅತ್ತಿಗೆನೂ ನಮ್ಮ ಸಂಘಕ್ಕೆ ಸೇರಿದ್ರು," ಎಂದ ಔಷಧಿ ಅಂಗಡಿಯವನು.

ಮೇಷ್ಟ್ರು ಮಕ್ಕಳ ಹತ್ತಿರ ಮಾತಾಡುವಂತೆ ಕೇಳಿದರು, "ಹೌದಾ ತಾಯಿ? ಸರಿ, ಅದರ ನಂಬರ್ ಹೇಳಿ ನೋಡೋಣ."

ನಂಬರ್ ಅವಳಿಗೆ ಗೊತ್ತಿರಲಿಲ್ಲ. ತೊಳೆಯುವವರಿಗೆ ವಿಮಾನದ ನಂಬರ್ ಯಾರೂ ಹೇಳುವುದಿಲ್ಲ. ಎಷ್ಟನೇ ಕಟ್ಟೆಯ ಹತ್ತಿರ ನಿಂತಿದೆ ಎಂದಷ್ಟೇ ಹೇಳುತ್ತಾರೆ. "ಹದಿನೇಳನೇ ಕಟ್ಟೆ," ಅಂದಳು.

ನಡುಮನೆ ನಗೆಯಲ್ಲಿ ಅಲ್ಲಾಡಿತು. ಗಂಡ ನೋಟ್‌ಬುಕ್ ತೆರೆದು, ನಂಬರನ್ನೂ ತಾರೀಖನ್ನೂ ಗಟ್ಟಿಯಾಗಿ ಓದಿದ. "ನಮ್ಮ ಸಂಘದ ನಿಯಮ ಗೊತ್ತಲ್ಲ ಅತ್ತಿಗೆ," ಎಂದ ಔಷಧಿ ಅಂಗಡಿಯವನು. "ನಂಬರ್ ಬರ್ಕೊಳ್ದಿದ್ರೆ ಕಂಡಂಗಲ್ಲ."

"ಅವಳಿಗೆ ಆನೆ ತೋರ್ಸಿದ್ರೂ ಲದ್ದಿ ಎಲ್ಲಿದೆ ಅಂತ ಹುಡುಕ್ತಾಳೆ," ಎಂದ ಗಂಡ.

ಒಳಗಿನಿಂದ ಅತ್ತೆಯ ದನಿ ಬಂತು. "ಏನೇ ಅಲ್ಲಿ ಗಂಡಸರ ಮಧ್ಯೆ ಹರಟೆ? ಇಲ್ಲಿ ನನ್ನ ಬೆನ್ನು ಉರೀತಾ ಇದೆ!"

ಅವಳು ತಟ್ಟೆ ಇಟ್ಟು ಒಳಗೆ ಹೋದಳು. ಅತ್ತೆಯ ಭುಜದ ಕೆಳಗೆ ಕೈ ಹಾಕಿ ಎತ್ತುವಾಗ ಮೇಷ್ಟ್ರ ಮಾತು ಕೇಳಿಸಿತು. ಆ ವಿಮಾನ ಬುಧವಾರ ಮತ್ತೆ ಬರುತ್ತಿದೆ, ಮತ್ತೆ ಕುದುರೆಗಳು. ತೊಳೆದಾದ ಮೇಲೆ, ವಾಪಸ್ಸು ಒಯ್ಯುವ ಯಂತ್ರಗಳನ್ನು ತುಂಬುವ ಮೊದಲು, ಸಂಘದ ಐದು ಜನಕ್ಕೆ ಹತ್ತು ನಿಮಿಷ ಒಳಗೆ ಹೋಗಲು ಅನುಮತಿ ಸಿಕ್ಕಿದೆ. "ಒಳಗೆ ಹೋಗಿ ಬಂದ ಅನುಭವಸ್ಥರು ಇವರೊಬ್ಬರೇ. ಮುಂದೆ ನಿಂತು ನಮಗೆಲ್ಲ ತೋರಿಸಬೇಕು."

ಎಲ್ಲರೂ ಹೋದ ಮೇಲೆ ಗಂಡ ಅಡುಗೆಮನೆಯ ಬಾಗಿಲಿಗೆ ಬಂದ. ಅವಳು ಲೋಟ ತೊಳೆಯುತ್ತಿದ್ದಳು.

"ಏಣಿ ಎಡಕ್ಕೋ ಬಲಕ್ಕೋ?"

ಅವಳು ಇನ್ನೊಂದು ಲೋಟ ಕೈಗೆತ್ತಿಕೊಂಡಳು. ಅವನು ಅವಳ ಜಡೆಯನ್ನು ಕೈಗೆ ಒಂದು ಸುತ್ತು ಸುತ್ತಿಕೊಂಡು, ಗಡಿಯಾರಕ್ಕೆ ಕೀಲಿ ಕೊಡುವಷ್ಟೇ ನಿಧಾನವಾಗಿ ಎಳೆದ.

"ಕೇಳಿಸ್ತಾ? ಇವತ್ತು ಮಾನ ಕಳ್ದಿದ್ದು ಸಾಕು. ಬುಧವಾರ ಏನಾದ್ರೂ ಬಾಯಿ ಬಿಟ್ಟೆ ಅಂದ್ರೆ ಆ ಕೆಲ್ಸ ಬಿಡಿಸ್ತೀನಿ. ಇಡೀ ದಿನ ಅಮ್ಮನ ಪಕ್ಕ ಬಿದ್ದಿರು. ಎಡಕ್ಕೋ, ಬಲಕ್ಕೋ?"

"ಎಡಕ್ಕೆ."

"ಎಷ್ಟು ಮೆಟ್ಲು?"

ಅವಳು ಎಲ್ಲವನ್ನೂ ಹೇಳಿದಳು. ಈ ಸಲ ನೀರು ತಂದುಕೊಡುವವರು ಯಾರೂ ಇರಲಿಲ್ಲ.

ಬುಧವಾರ ಕುದುರೆಗಳು ಇಳಿದು ಹೋದ ಮೇಲೆ ಹೆಂಗಸರನ್ನು ಒಳಗೆ ಬಿಟ್ಟರು. ನಾಲ್ಕು ಗಂಟೆ ಉಜ್ಜಿದರು. ಕೊನೆಯಲ್ಲಿ ಮೇಲ್ವಿಚಾರಕಿ ಉಳಿದವರನ್ನು ಹಿಂಬಾಗಿಲಿಗೆ ಕರೆದುಕೊಂಡು ಹೋಗುತ್ತ ಅವಳಿಗೆ, "ಮುಂದಿನ ಇಳಿಜಾರು ನೀನು ನೋಡ್ಕೋ. ಯಾರೋ ನೋಡೋಕೆ ಬರ್ತಾರಂತೆ," ಎಂದಳು.

ವಿಮಾನ ಬಗ್ಗಿ ನಿಂತಾಗ ಒಳಗಿನ ನೆಲವೂ ಇಳಿಜಾರಾಗುತ್ತದೆ. ಸೋಪುನೀರೆಲ್ಲ ಮುಂಬಾಗಿಲಿಗೆ ಬಂದು ನಿಲ್ಲುತ್ತದೆ. ಹಿಂದೊಮ್ಮೆ ಸಾಮಾನು ಹೊರುವವನೊಬ್ಬ ಅಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದ. ಅಂದಿನಿಂದ ಒಂದು ನಿಯಮ: ನೆಲ ಒದ್ದೆಯಿರುವಷ್ಟು ಹೊತ್ತು ಬಾಗಿಲಿಗೆ ಅಡ್ಡವಾಗಿ ಹಳದಿ ಸರಪಳಿ. ಒರೆಸುವವಳೇ ಕಟ್ಟಬೇಕು, ಒಣಗಿತೆಂದು ಅವಳೇ ಬಿಚ್ಚಬೇಕು. ಪೈಲಟ್ ಬಂದರೂ ಕಾಯಬೇಕು.

ಐದು ಜನ ವ್ಯಾನಿನಿಂದ ಇಳಿದರು. ಗಂಡ ಎಲ್ಲರಿಗಿಂತ ಮುಂದೆ, ಹೊಸ ಚರ್ಮದ ಬೂಟು ಹಾಕಿಕೊಂಡು, ಆಗಲೇ ಕೈ ಬೀಸಿ ವಿವರಿಸುತ್ತ ಬರುತ್ತಿದ್ದ. ಅವಳ ಮುಖಕ್ಕೆ ಮಾಸ್ಕು, ತಲೆಗೆ ಟೋಪಿ, ಮೈಗೆ ನೀಲಿ ದೊಗಳೆ ಅಂಗಿ. ಅವಳ ಕೈಯ ಚಹಾ ನೂರು ಸಲ ಕುಡಿದ ಮೇಷ್ಟ್ರಿಗೆ ಗುರುತು ಹತ್ತಲಿಲ್ಲ. ಗಂಡನಿಗೆ ಹತ್ತಿತು. ಅವನು ಕಣ್ಣು ಸರಿಸಿ ಹೇಳಿದ, "ಏಯ್ ಅಮ್ಮಾ, ಬೇಗ ಸರಪಳಿ ಬಿಚ್ಚು. ನಮಗೆ ಇರೋದು ಹತ್ತೇ ನಿಮಿಷ."

ಅವಳು ನೆಲ ನೋಡಿದಳು. ಇನ್ನೊಂದು ಸಲ ಒರೆಸಿದರೆ ಒಣಗುತ್ತಿತ್ತು. ಬಿಚ್ಚಿದರೆ ಅವನು ಒಳಗೆ ಬರುತ್ತಾನೆ. ಬಂದಮೇಲೆ ಅವನು ಬರೆದದ್ದು ಸುಳ್ಳೆಂದು ದೇವರಿಗೂ ಹೇಳಲಾಗುವುದಿಲ್ಲ. ಅವಳ ಆ ಒಂದು ದಿನ, ಬದುಕಿನಲ್ಲಿ ಅವಳದೇ ಎನ್ನಬಹುದಾಗಿದ್ದ ಒಂದೇ ಒಂದು ದಿನ, ಅವನ ಹೆಸರಿಗೆ ಹೋಗುತ್ತದೆ.

ಒರೆಸದೆ ಬಿಚ್ಚಬಹುದು. ಆ ಬೂಟಿಗೆ ಎರಡು ಹೆಜ್ಜೆ ಸಾಕು. ಅವನು ಇದರ ನೆಲದ ಬಗ್ಗೆ ಅವಳನ್ನು ಒಂದು ದಿನವೂ ಕೇಳಿರಲಿಲ್ಲ. ಅವಳು ಸರಪಳಿಯ ಕೊಂಡಿಗೆ ಕೈ ಹಾಕಿದಳು. ಅವನು ಬೀಳುವುದು ಕಂಡಿತು, ಸೊಂಟ ಲಟ್ ಎಂದದ್ದು ಕೇಳಿಸಿದಂತಾಯಿತು. ಅದು ಅವಳಿಗೆ ಹಿತವಾಗಿಯೂ ಇತ್ತು. ಆಮೇಲೆ ಹಾಸಿಗೆ ಕಂಡಿತು. ಅತ್ತೆಯ ಪಕ್ಕದಲ್ಲಿ ಇನ್ನೊಂದು ಹಾಸಿಗೆ. ನಸುಕಿನಲ್ಲಿ ಹೊರಳಿಸಬೇಕಾದ ಇನ್ನೊಂದು ಮೈ, ಅತ್ತೆಯ ಎರಡರಷ್ಟು ಭಾರದ್ದು. ಒಗೆಯಬೇಕಾದ ಇನ್ನೊಂದು ರಾಶಿ. ಐದು ಹತ್ತರ ಬಸ್ಸು ತಪ್ಪಿತೆಂದೇ ಲೆಕ್ಕ.

ಅವಳು ಕೊಂಡಿ ಬಿಟ್ಟಳು.

"ಏನಾಯ್ತು?" ಎಂದರು ಮೇಷ್ಟ್ರು. "ಎಷ್ಟು ಹೊತ್ತಮ್ಮ?"

ಗಂಡ ಅವಳತ್ತ ನೋಡಿದ. ಸಂಜೆ ಮನೆಯಲ್ಲಿ ಏನು ಕಾದಿದೆ ಎಂಬುದೆಲ್ಲ ಆ ನೋಟದಲ್ಲಿ ಇತ್ತು. ಅವಳು ಅದನ್ನು ಪೂರ್ತಿ ಓದಿಕೊಂಡಳು. ಆಮೇಲೆ ತುಂಬಿದ ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ, ಒಣಗುತ್ತ ಬಂದಿದ್ದ ನೆಲದ ಮೇಲೆ ಸುರಿದಳು. ಸೋಪಿನ ಪುಡಿ ಚೆಲ್ಲಿ, ಮಂಡಿಯೂರಿ, ಮೂಲೆಯಿಂದ ಉಜ್ಜಲು ಶುರುಮಾಡಿದಳು.